ಹೊಲಿದ ಜೇಬು

ಫೆಬ್ರವರಿ 3, ಸೋಮವಾರ

ಬಾಯ್ಲರ್ ತಡವಾಗಿ ಹೊತ್ತಿಸಿದೆ. ಗಂಜಿ ಗಟ್ಟಿಯಾಗಿ ಮೊದಲ ನಾಲ್ಕು ಅಂಗಿ ರಟ್ಟಿನ ಹಾಗೆ ನಿಂತವು. ಮತ್ತೆ ನೀರಿಗೆ. ಅಮ್ಮ ಇದ್ದಿದ್ದರೆ, ಬಾಯಿ ಆಡಿದಷ್ಟು ಕೈ ಆಡಿದ್ದರೆ ಎಂದೋ ಉದ್ಧಾರ ಆಗುತ್ತಿದ್ದೆ ಅನ್ನುತ್ತಿದ್ದಳು. ಕೊನೆಯವರೆಗೂ ನನ್ನನ್ನು ಬಾಯಿಬಡುಕಿ ಅಂತಲೇ ಕರೆದಳು. ಅಣ್ಣನಿಗೆ ಇಟ್ಟ ಹೆಸರು ಯಜಮಾನ. ಚಿಕ್ಕವನಿದ್ದಾಗಲೇ ಕೌಂಟರ್ ಮೇಲೆ ಹತ್ತಿ ಕೂತು ಗಿರಾಕಿಗಳನ್ನು ಗದರಿಸುತ್ತಿದ್ದನಂತೆ. ತಮ್ಮ ಗುಮ್ಮ. ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಬಟ್ಟೆಯಿಂದ ಇಂಕಿನ ಕಲೆ ತೆಗೆಯುವುದು ಸುಲಭ.

ಇನ್ಸ್‌ಪೆಕ್ಟರ್ ಬಂದಿದ್ದರು. ಯೂನಿಫಾರಂ ಇಸ್ತ್ರಿಗೆ ಕೊಡುವ ನೆಪ. ಮತ್ತೆ ಅದೇ ಪ್ರಶ್ನೆ—ನೀವು ಮೂರೂ ಜನ ಆಕೆಯ ಸ್ವಂತ ಮಕ್ಕಳಲ್ಲ, ಅಲ್ಲವೇ? ಸ್ವಂತ ಅಂದರೆ ಏನು ಸಾರ್ ಅಂತ ಕೇಳಿದೆ. ಮದುವೆಯಾಗದ ಹೆಂಗಸು, ಮೂರು ಕಡೆಯಿಂದ ಮೂರು ಮಕ್ಕಳನ್ನು ತಂದು ಈ ಲಾಂಡ್ರಿಯ ತೊಟ್ಟಿಯಲ್ಲೇ ಮೀಯಿಸಿ ಬೆಳೆಸಿದಳು. ಹೆತ್ತವರು ಬಿಟ್ಟರು, ಇವಳು ಬಿಡಲಿಲ್ಲ. ಅವರು ತಲೆ ತಗ್ಗಿಸಿ ರಸೀದಿ ತೆಗೆದುಕೊಂಡು ಹೋದರು.

ಕೇಸು ಎಲ್ಲಿಗೆ ಬಂತು ಅಂದರೆ ಉತ್ತರವಿಲ್ಲ. ಜನವರಿಯಲ್ಲಿ, ನಾನೂ ಗುಮ್ಮನೂ ವ್ಯಾನಿನಲ್ಲಿ ಡೆಲಿವರಿಗೆ ಹೋಗಿದ್ದ ದಿನ, ಅಮ್ಮ ಬಾಯ್ಲರ್ ಕೋಣೆಯ ಮೆಟ್ಟಿಲ ಬುಡದಲ್ಲಿ ಸಿಕ್ಕಳು. ಸೋಪಿನ ಪುಡಿ ತರಲು ಹೋಗಿದ್ದ ಅಣ್ಣ ಮೊದಲು ಕಂಡವನು. ಕಾಲು ಜಾರಿತು ಅನ್ನೋಣವೆಂದರೆ ಬಾಗಿಲಿಗೆ ಹೊರಗಿನಿಂದ ಚಿಲಕ. ಸದಾ ಕತ್ತಿನಲ್ಲಿ ತೂಗುತ್ತಿದ್ದ ಟ್ರಂಕಿನ ಕೀಲಿಕೈ ಇಲ್ಲ. ಡಾಕ್ಟರು ಹೇಳಿದ್ದು—ಬಿದ್ದ ಕೂಡಲೇ ಹೋಗಿಲ್ಲ, ತುಂಬ ಹೊತ್ತು ಜೀವ ಇತ್ತು.

ಈ ಒಂದು ಸಾಲು ಬರೆಯಲು ಇಷ್ಟು ದಿನ ಬೇಕಾಯಿತು.

ಬೀದಿಗೆಲ್ಲ ಗೊತ್ತು ಯಾರು ಅಂತ. ಅಮ್ಮ ಹೋಗುವ ಹಿಂದಿನ ವಾರವಷ್ಟೇ ನಮ್ಮ ಹಳೆಯ ಗಿರಾಕಿ, ಹೋಟೆಲ್ ಧಣಿ, ನಮ್ಮ ಅಂಗಡಿ ಮುಂದೆ ನಿಂತು, ನಿಮ್ಮ ಬಾಯ್ಲರ್ ಇನ್ನೆಷ್ಟು ದಿನ ಉರಿಯುತ್ತೆ ನೋಡ್ತೀನಿ ಅಂತ ಕೂಗಿ ಹೋಗಿದ್ದ. ಅವನೇ ಸ್ವಂತ ಲಾಂಡ್ರಿ ಹಾಕಿದ್ದ, ಹೋಟೆಲಿನ ಕೆಳಗೆ. ಪೊಲೀಸರು ಅವನನ್ನು ಕರೆಸಿ ಕೇಳಿ ಬಿಟ್ಟುಬಿಟ್ಟರು. ಸಾಕ್ಷಿ ಇಲ್ಲವಂತೆ.

ಫೆಬ್ರವರಿ 6, ಗುರುವಾರ

ಸಾಕ್ಷಿ ಸಿಕ್ಕಿತು.

ಮಧ್ಯಾಹ್ನ ಅಣ್ಣ ಶಟರ್ ಎಳೆದು ನಮ್ಮಿಬ್ಬರನ್ನು ಹಿಂದಿನ ಕೋಣೆಗೆ ಕರೆದ. ಮೇಜಿನ ಮೇಲೆ ಬೂದು ಕೋಟು. ಧಣಿಯದು. ಶೀಟು, ಟವೆಲು ನಿಲ್ಲಿಸಿದರೂ ಕೋಟುಗಳನ್ನು ಮಾತ್ರ ಆತ ಈಗಲೂ ನಮ್ಮಲ್ಲಿಗೇ ಕಳಿಸುತ್ತಾನೆ. ಬೆಳಿಗ್ಗೆ ಗುಮ್ಮ ತಂದ ಗಂಟಿನಲ್ಲಿ ಬಂದದ್ದು. ಬಲಗಡೆ ಜೇಬಿಗೆ ಕೈ ಹಾಕು ಅಂದ ಅಣ್ಣ. ಹಾಕಿದೆ.

ಕೀಲಿಕೈ. ದಾರದ ಸಮೇತ. ಅಮ್ಮನ ಬೆವರಿಗೆ ಕಪ್ಪಾದ ಅದೇ ದಾರ.

ಕೂತುಬಿಟ್ಟೆ. ಗುಮ್ಮ ಗೋಡೆ ಹಿಡಿದು ನಿಂತ. ಅಣ್ಣ ಅವನಿಗೆ ಬೈದ. ಅಮ್ಮನ ಕಾನೂನು ಒಂದೇ ಒಂದು—ಜೇಬು ಹೊರಗೆಳೆಯದೆ ಬಟ್ಟೆ ನಮ್ಮ ಹೊಸಿಲು ದಾಟಬಾರದು. ಗಂಟು ಕಟ್ಟುವ ಮುಂಚೆ, ಗಿರಾಕಿಯ ಎದುರೇ, ಪ್ರತಿ ಜೇಬನ್ನೂ ನಾಲಿಗೆ ಚಾಚಿಸಿದ ಹಾಗೆ ಎಳೆದು ತೋರಿಸಬೇಕು. ನಾಳೆ ಯಾರೂ ಕಳ್ಳರು ಅನ್ನಬಾರದು. ಅಷ್ಟೂ ನೆನಪಿಲ್ಲವಾ ನಿನಗೆ, ಅಮ್ಮ ಸತ್ತ ತಿಂಗಳಿಗೇ ಮರೆತೆಯಾ ಅಂದ. ಗುಮ್ಮ ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಕಣ್ಣು ತುಂಬಿತ್ತು.

ಆ ಕೀಲಿಯಿಂದ ಟ್ರಂಕು ತೆಗೆದೆವು. ಕಳುವಾಗಿದೆ ಅನ್ನುವಂಥದ್ದು ಏನೂ ಇಲ್ಲ. ನಮ್ಮ ಎಳೆಗೂಸಿನ ಬಟ್ಟೆಗಳು. ನನ್ನ ಒಂದು ಗಂಟು, ಗುಮ್ಮನ ಒಂದು ಗಂಟು. ಅಣ್ಣನದು ಇರಲಿಲ್ಲ. ಮೊದಲನೆಯ ಮಗು ನೋಡು, ಆಗ ಇಟ್ಟುಕೊಳ್ಳೋದು ಗೊತ್ತಿರಲಿಲ್ಲವೇನೋ ಅಂದು ನಕ್ಕ. ಪಾಪ ಅನ್ನಿಸಿತು.

ಕೋಟು ಇನ್ಸ್‌ಪೆಕ್ಟರಿಗೆ ಕೊಡೋಣ ಅಂದೆ.

"ಕೊಡು. ಅವನ ಹೋಟೆಲಲ್ಲೇ ಉಣ್ಣೋರು ಅವರು. ನಾಳೆ ಕೋಟೂ ಇರಲ್ಲ, ಕೀಲಿಕೈನೂ ಇರಲ್ಲ. ನೋಡ್ತಿರು."

ಅಣ್ಣ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಫೆಬ್ರವರಿ 9, ಭಾನುವಾರ

ಅಣ್ಣ ಯೋಚನೆ ಮಾಡಿ ಮುಗಿಸಿದ್ದಾನೆ. ಅಮ್ಮ ಹೇಗೆ ಹೋದಳೋ ಧಣಿಯೂ ಹಾಗೇ ಹೋಗಬೇಕು. ಹೊರಗಿನಿಂದ ಚಿಲಕ.

ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಕೋಣೆ ಇದೆ, ನಮ್ಮದರಂತೆಯೇ, ಸುತ್ತ ಹಬೆಯ ಪೈಪು. ಪ್ರತಿ ಶುಕ್ರವಾರ ಧಣಿ ಒಬ್ಬನೇ ಒಳಗೆ ಹೋಗಿ ಎಲ್ಲ ಮುಟ್ಟಿ ನೋಡುತ್ತಾನೆ. ನಾನು ಅಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಬೇಕು. ಚಿಲಕ ನನ್ನದು. ಹಬೆಯ ವಾಲ್ವ್ ಗುಮ್ಮನದು, ನನ್ನನ್ನು ವ್ಯಾನಿನಲ್ಲಿ ಕರೆದೊಯ್ಯುವ ನೆಪದಲ್ಲಿ ಅವನು ಅಲ್ಲೇ ಇರುತ್ತಾನೆ. ಆಮೇಲೆ ಧಣಿಯ ಮೇಜಿನ ಡ್ರಾಯರಿನಲ್ಲಿ ಅಮ್ಮನ ಕೀಲಿಕೈ ಸಿಗಬೇಕು, ಇನ್ಸ್‌ಪೆಕ್ಟರಿಗೆ. ಫೈಲು ತಾನಾಗಿ ಮುಚ್ಚುತ್ತದೆ.

ನನಗೆ ಅಡ್ಡಿಯಿಲ್ಲ. ಬರೆದೇ ಇಡುತ್ತೇನೆ, ಆ ಮನುಷ್ಯನ ಕತ್ತು ಹಿಸುಕುವ ಕನಸು ಹಗಲಲ್ಲೇ ಬೀಳುತ್ತದೆ. ಆದರೆ ಗುಮ್ಮ? ಸೋಡಾ ಪುಡಿಯ ಡಬ್ಬದಲ್ಲಿ ಇಲಿ ಸಿಕ್ಕರೆ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಪಾರ್ಕಿನಲ್ಲಿ ಬಿಟ್ಟು ಬರುವವನು. ಎರಡೂ ಕೆಲಸ ನಾನೇ ಮಾಡುತ್ತೇನೆ, ಅವನನ್ನು ಬಿಡು ಅಂದೆ. ಅಣ್ಣ ಒಪ್ಪಲಿಲ್ಲ. ಅಮ್ಮ ಮೂವರಿಗೂ ಅಮ್ಮ, ಕೈಯೂ ಮೂವರದೂ ಇರಬೇಕು ಅಂದ. ಗುಮ್ಮ ತಲೆಯಾಡಿಸಿದ. ಆ ಕೋಟಿನ ದಿನದಿಂದ ಅವನು ಅಣ್ಣನ ಮುಖ ನೋಡುವುದೇ ಇಲ್ಲ. ತಪ್ಪಿತಸ್ಥನ ಹಾಗೆ ತಿರುಗುತ್ತಾನೆ.

ಫೆಬ್ರವರಿ 17, ಸೋಮವಾರ

ಕೆಲಸ ಸಿಕ್ಕಿತು. ಕೇಳಿದ್ದೇ ತಡ ಧಣಿ ಕೊಟ್ಟ. ಧಣಿಯ ಕೋಟುಗಳೂ ಇನ್ನು ಮೇಲೆ ಅಲ್ಲೇ, ನನ್ನ ಕೈಯಲ್ಲೇ. ಬೂದು ಕೋಟಿನ ಕಲೆ ಇನ್ನೂ ಹೋಗಿಲ್ಲ ಅಂತ ಸುಳ್ಳು ಹೇಳಿದ್ದೇನೆ. ಕಟುಕನೇ ಕುರಿಯ ಕೈಗೆ ಕತ್ತಿ ಕೊಟ್ಟ ಹಾಗಾಯಿತು.

ಕೆಳಗೆ ಬಿಸಿ, ಮೇಲೆ ಟ್ಯೂಬ್‌ಲೈಟು. ಪಕ್ಕದ ಮೇಜಿನಲ್ಲಿ ಒಬ್ಬಳು ಹಿರಿಯ ಇಸ್ತ್ರಿಯವಳು, ಎಲ್ಲರನ್ನೂ ಮಗಳೇ ಅನ್ನುತ್ತಾಳೆ. ನನ್ನನ್ನೂ ಅಂದಳು. ಉತ್ತರ ಕೊಡಲಿಲ್ಲ. ಇಲ್ಲಿ ಯಾರ ಮಗಳೂ ಆಗಲು ಬಂದವಳಲ್ಲ.

ಫೆಬ್ರವರಿ 23, ಭಾನುವಾರ

ಅಂಗಡಿ ರಜೆ. ನಮ್ಮ ಒಣಗಿಸುವ ಕೋಣೆಯಲ್ಲಿ ರಿಹರ್ಸಲ್. ಧಣಿಯ ಪಾತ್ರ ಅಣ್ಣನದು.

ಸೆಖೆಯೆಂದು ಅಂಗಿ ಬಿಚ್ಚಿಟ್ಟು, ಬನಿಯನ್ನಿನಲ್ಲೇ ಕೈ ಹಿಂದೆ ಕಟ್ಟಿಕೊಂಡು ಧಣಿಯ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದ. ನಗು ಬಂತು. ಜನವರಿಯಿಂದ ಈಚೆ ಮೊದಲ ಸಲ ಮೂವರೂ ನಕ್ಕೆವು. ಬಿಚ್ಚಿದ ಅಂಗಿಯ ಜೇಬನ್ನೂ ಹೊರಗೆಳೆದು ತೊಟ್ಟಿಗೆ ಹಾಕಿದ್ದ. ಅಭ್ಯಾಸ.

ನಾನು ಚಿಲಕ ಹಾಕಿದೆ. ಗುಮ್ಮ ವಾಲ್ವ್ ಸ್ವಲ್ಪ ತಿರುಗಿಸಿದ. ಒಳಗಿನಿಂದ ಮೂರು ಸಲ ತಟ್ಟಿದರೆ ತೆಗೆಯಬೇಕು ಅಂತ ಮಾತಾಗಿತ್ತು. ತಟ್ಟಿದ, ತೆಗೆದೆ. ಕೆಂಪಗೆ ಬೆಂದವನ ಹಾಗೆ ಬಂದು ಗುಮ್ಮನ ಬೆನ್ನು ಚಪ್ಪರಿಸಿ, ಸಾಕಪ್ಪ, ಕಲಿತುಬಿಟ್ಟೆ ಅಂದ.

ಗುಮ್ಮ ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. ಅಣ್ಣನಿಗೆ ಹೇಳಬೇಡ ಅಂದ. ನಾಲ್ಕು ದಿನಕ್ಕೆ ಅವನಾಡಿದ ಒಂದೇ ಮಾತು.

ಮಾರ್ಚ್ 5, ಬುಧವಾರ

ಧಣಿ ಇಂದು ನನ್ನ ಮೇಜಿನ ಬಳಿ ನಿಂತ. ನಿಮ್ಮ ತಾಯಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡರೆ ಬೆನ್ನು ತಾನೇ ನೆಟ್ಟಗಾಗುತ್ತಿತ್ತು ಅಂದ. ಜಗಳ ಆಡಿದ ಮೇಲೆ ಕ್ಷಮೆ ಕೇಳೋಣ ಅಂತಿದ್ದೆ, ನಾಳೆ ನಾಳೆ ಅಂತ ಬಿಟ್ಟೆ ಅಂದ. ಮುಖದಲ್ಲಿ ಕಪಟ ಹುಡುಕಿದೆ. ಕೆಟ್ಟವನು ಇಷ್ಟು ಚೆನ್ನಾಗಿ ನಟಿಸಬಲ್ಲನಾ? ಹಾಲು ಕುಡಿದ ಬೆಕ್ಕೂ ಕಣ್ಣು ಮುಚ್ಚಿಯೇ ಕೂತಿರುತ್ತದೆ.

ಮನೆಗೆ ಬಂದು ಹೇಳಿದೆ. ಕರಗಬೇಡ ಅಂದ ಅಣ್ಣ. ದಿನ ನಿಗದಿಯಾಯಿತು. ಹದಿನಾಲ್ಕು, ಶುಕ್ರವಾರ.

ಮಾರ್ಚ್ 11, ಮಂಗಳವಾರ, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದ ಮೇಲೆ ಮೊದಲ ಸಲ, ಬೆಳಿಗ್ಗೆ, ಧಣಿಯ ಒಂದು ಕೋಟು ಇಸ್ತ್ರಿಗೆ ಬಂತು, ಕಪ್ಪನೆಯದು. ರೂಢಿಯಂತೆ ಜೇಬಿಗೆ ಕೈ ಹಾಕಿದೆ. ಬೆರಳು ಹೋಗಲಿಲ್ಲ. ಎಡಗಡೆ, ಅದೂ ಹೋಗಲಿಲ್ಲ. ಬಾಯಿಗೆ ಅಡ್ಡಲಾಗಿ ಕಚ್ಚಾ ಹೊಲಿಗೆ. ಹೊಸ ಕೋಟಿಗೆ ದರ್ಜಿ ಹಾಕಿರುತ್ತಾನಲ್ಲ, ಗಿರಾಕಿ ಬಿಚ್ಚಿಕೊಳ್ಳಲಿ ಅಂತ, ಅದು. ಆದರೆ ಇದು ಹಳೆಯ ಕೋಟು, ಮೊಣಕೈ ಸವೆದಿದೆ.

ಹಿರಿಯ ಇಸ್ತ್ರಿಯವಳು ನಕ್ಕಳು. "ಅದನ್ನ ಬಿಚ್ಚಬೇಡ ಮಗಳೇ, ಬೈಸ್ಕೋತೀಯ. ಜೇಬಿಗೆ ಕೈ ಹಾಕಿದ್ರೆ ಕೋಟಿನ ಆಕಾರ ಕೆಡುತ್ತೆ ಅಂತ ಧಣಿ ಒಂದು ಕೋಟಿನದೂ ಬಿಚ್ಚಲ್ಲ. ಬಲು ಶೋಕಿ."

ಒಂದು ಕೋಟಿನದೂ ಬಿಚ್ಚಲ್ಲ.

ನಮ್ಮಲ್ಲಿ ಆತನ ಕೋಟು ಇಸ್ತ್ರಿ ಮಾಡುತ್ತಿದ್ದದ್ದು ಅಮ್ಮ ಒಬ್ಬಳೇ. ನನಗೆ ಗೊತ್ತಿರಲಿಲ್ಲ. ಕೌಂಟರ್ ಬಿಟ್ಟು ಏಳದ ಅಣ್ಣನಿಗೂ ಗೊತ್ತಿರಲಿಕ್ಕಿಲ್ಲ.

ಸಂಜೆ

ಅಣ್ಣ ಸಗಟು ಅಂಗಡಿಗೆ ಹೋಗಿದ್ದಾನೆ. ಬೂದು ಕೋಟು ಬೀರುವಿನ ಹಿಂದಿನಿಂದ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಅಮ್ಮ ಪ್ರತಿ ಕಲೆಗೂ ಹೇಳುತ್ತಿದ್ದಳು. ಈ ಸಲ ನಾನು ನೋಡಿರಲಿಲ್ಲ. ಕೀಲಿಕೈ ಕಂಡೆ, ಜೇಬು ಕಾಣಲಿಲ್ಲ.

ಎಡ ಜೇಬು ಹೊಲಿದೇ ಇದೆ. ಬಲ ಜೇಬಿನ ಬಾಯಲ್ಲಿ ಸೂಜಿಯ ತೂತುಗಳ ಸಾಲು ಇನ್ನೂ ಮುಚ್ಚಿಲ್ಲ. ಅಲ್ಲಲ್ಲಿ ಕತ್ತರಿಸಿದ ದಾರದ ತುಂಡು. ಒಳಗಿನ ಲೈನಿಂಗು ಹೊಸದಾಗಿ ಹೊಳೆಯುತ್ತಿದೆ. ಒಂದು ಚೂರು ದೂಳಿಲ್ಲ, ಒಂದು ಚೂರು ನೂಲಿಲ್ಲ. ಆ ಜೇಬಿಗೆ ಹುಟ್ಟಿದಂದಿನಿಂದ ಹೋದದ್ದು ಒಂದೇ ವಸ್ತು.

ಕತ್ತರಿಸಿದವರು ಯಾರು? ಕೀಲಿಕೈ ಯಾರ ಹತ್ತಿರ ಇತ್ತೋ ಅವರು. ಕೀಲಿಕೈ ಯಾರ ಹತ್ತಿರ ಇತ್ತು? ಅಮ್ಮನ ಕತ್ತಿನಿಂದ ತೆಗೆದವರ ಹತ್ತಿರ.

ಮುಂದೆ ಬರೆಯಲಾರೆ.

ಮಾರ್ಚ್ 12, ಬುಧವಾರ

ವ್ಯಾನಿನಲ್ಲಿ ಗುಮ್ಮನನ್ನು ಕೇಳಿದೆ. ಆ ದಿನ ಧಣಿಯ ಕೋಟಿನ ಜೇಬು ಹೊರಗೆಳೆದೆಯಾ?

"ಹೊಲಿಗೆ ಹಾಕಿತ್ತು ಅಕ್ಕ. ಎರಡೂ ಕಡೆ. ಎಳೆಯೋಕೆ ಏನಿರ್ಲಿಲ್ಲ."

ಮತ್ತೆ ಅವತ್ತೇ ಯಾಕೋ ಹೇಳಲಿಲ್ಲ ಅಂದೆ. ಅಣ್ಣ ಹಾಗೆ ಹೇಳಿದ ಮೇಲೆ ನಾನೇ ಬೇರೆ ಕೋಟಿನ ಜೊತೆ ಗೊಂದಲ ಮಾಡಿಕೊಂಡೆ ಅಂದುಕೊಂಡೆ ಅಂದ. ಅಣ್ಣ ಸುಳ್ಳು ಹೇಳಬಹುದು ಅನ್ನುವುದು ಅವನ ತಲೆಗೇ ಹೋಗಿಲ್ಲ. ಬದಲಿಗೆ ತನ್ನ ಕೈಯನ್ನೇ ಅನುಮಾನಿಸಿದ್ದಾನೆ. ಒಂದು ತಿಂಗಳು ಆ ಭಾರ ಹೊತ್ತು ತಿರುಗಿದ್ದಾನೆ, ಅಣ್ಣ ನೋಡುತ್ತ ಸುಮ್ಮನಿದ್ದಾನೆ.

ನಾನು ಬಾಯಿಬಡುಕಿ. ಎಲ್ಲ ಹೇಳಿಬಿಟ್ಟೆ. ಹೇಳುತ್ತಿದ್ದಂತೆ ಗುಮ್ಮನ ಮುಖ ಇಸ್ತ್ರಿ ಆದ ಹಾಗೆ ನುಣ್ಣಗಾಯಿತು. ಒಂದು ಗೆರೆ ಉಳಿಯಲಿಲ್ಲ. ಶುಕ್ರವಾರ ನೀನು ವಾಲ್ವ್ ಮುಟ್ಟಬೇಡ, ನಾನು ಅಣ್ಣನ ಬಾಯಿಂದಲೇ ಕೇಳುತ್ತೇನೆ ಅಂದೆ. ಹೂಂ ಅಂದ.

ಮಾರ್ಚ್ 14, ಶುಕ್ರವಾರ

ಧಣಿ ಒಣಗಿಸುವ ಕೋಣೆಗೆ ಹೋದ. ಶೀಟು ಮುಟ್ಟಿ ನೋಡಿದ. ಹೊರಗೆ ಬಂದ. ಸೆಖೆ ಅಂತ ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಮೇಲೆ ಹೋದ. ತಾನು ಯಾವುದರಿಂದ ಪಾರಾದೆ ಅಂತ ಆ ಮನುಷ್ಯನಿಗೆ ಎಂದೂ ಗೊತ್ತಾಗುವುದಿಲ್ಲ.

ಅಂಗಡಿಗೆ ಬಂದರೆ ಅಣ್ಣ ಕೌಂಟರಿನಲ್ಲಿ ಕಾಯುತ್ತಿದ್ದ. ಆಯಿತಾ ಅಂದ. ಮಾತಾಡದೆ ಬೂದು ಕೋಟು ತಂದು ಅವನ ಮುಂದೆ ಹಾಸಿದೆ. ಬಲ ಜೇಬು ಹೊರಗೆಳೆದು ಇಟ್ಟೆ. ಎಡ ಜೇಬಿನ ಹೊಲಿಗೆ ತೋರಿಸಿದೆ. ನೋಡಿದ. ನನ್ನ ಅಣ್ಣ ಬುದ್ಧಿವಂತ, ಎರಡನೇ ಸಲ ನೋಡಬೇಕಾಗಲಿಲ್ಲ. ಎದ್ದು ಹೋಗಿ ಶಟರ್ ಎಳೆದು ಬಂದ.

ಹೇಳಿದ. ನಾನು ಅಳಲಿಲ್ಲ, ಅವನೂ ಅಳಲಿಲ್ಲ.

ಜನವರಿಯ ಆ ದಿನವೇ ಒಬ್ಬಳು ಮುದುಕಿ ಕೌಂಟರಿಗೆ ಬಂದಿದ್ದಳಂತೆ. ಅಣ್ಣನನ್ನು ಹೆತ್ತವಳ ಅಕ್ಕ. ಇವನ ಮುಖ ನೋಡಿ ಅಲ್ಲೇ ಕುಸಿದಳಂತೆ. ನನ್ನ ತಂಗಿ ನಿನ್ನನ್ನು ಕೇಳಿಕೊಂಡು ಮತ್ತೆ ಮತ್ತೆ ಈ ಬಾಗಿಲಿಗೆ ಬಂದಳು, ಮಗು ಜ್ವರದಲ್ಲಿ ಸತ್ತುಹೋಯಿತು ಅಂತ ಈ ಮನೆಯವಳು ಹೇಳಿ ಕಳಿಸಿದಳು, ಅದನ್ನೇ ನಂಬಿಕೊಂಡು ಅವಳು ಸತ್ತಳು ಅಂದಳಂತೆ.

ಅಮ್ಮ ಬಾಯ್ಲರ್ ಕೋಣೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಕೇಳಿದ. ಅಮ್ಮ ಇಲ್ಲ ಅನ್ನಲಿಲ್ಲ.

"ಹೌದು, ಹೇಳ್ದೆ ಅಂದ್ಲು. ನಿನ್ನ ಕೊಟ್ಟಿದ್ರೆ ನನಗೇನು ಉಳೀತಿತ್ತು ಅಂದ್ಲು. ತಳ್ಳಿದೆ. ಬೀಳ್ತಾಳೆ ಅಂತ ಗೊತ್ತಿರ್ಲಿಲ್ಲ."

ಆಮೇಲೆ? ಅಂದೆ. ಇಳಿದು ಹೋದನಂತೆ. ಉಸಿರಾಡುತ್ತಿದ್ದಳು, ಇವನನ್ನು ಯಜಮಾನ ಅಂತ ಕರೆದಳು. ಇವನು ಕತ್ತಿನಿಂದ ಕೀಲಿಕೈ ತೆಗೆದುಕೊಂಡ. ಮೇಲೆ ಬಂದು ಟ್ರಂಕು ನೋಡಿದ. ಹೆತ್ತವಳು ಹೆಣೆದು ತಂದಿದ್ದ ಕುಲಾವಿ ಇತ್ತು, ಒಂದು ಸಣ್ಣ ಅಂಗಿ ಇತ್ತು. ತೆಗೆದುಕೊಂಡ. ಕೆಳಗಿನಿಂದ ಅಮ್ಮ ಕರೆಯುತ್ತಲೇ ಇದ್ದಳು. ಚಿಲಕ ಹಾಕಿದ. ಸೋಪಿನ ಪುಡಿ ತರಲು ಹೋದ.

ಅಲ್ಲಿಯವರೆಗೂ ಸಹಿಸಿದೆ. ಅಮ್ಮ ಮಾಡಿದ್ದು ದ್ರೋಹವೇ. ಅವಳ ಮೇಲೂ ಸಿಟ್ಟು ಬಂತು, ಸುಳ್ಳು ಯಾಕೆ ಬರೆಯಲಿ. ಒಬ್ಬ ತಾಯಿಯ ಹೊಟ್ಟೆಗೆ ಬೆಂಕಿಯಿಟ್ಟು ಆ ಬೆಂಕಿಯಲ್ಲಿ ನಮ್ಮನ್ನು ಬೆಚ್ಚಗಿಟ್ಟಿದ್ದಳು. ಆದರೆ ಕೋಟು? ನಾನು? ಗುಮ್ಮ?

"ನಮ್ಮನ್ನ ಯಾಕೋ ಎಳೆದೆ?"

ಇನ್ಸ್‌ಪೆಕ್ಟರ್ ಬಿಡುತ್ತಿರಲಿಲ್ಲ, ಯಾರಾದರೂ ಒಬ್ಬ ಬೇಕಿತ್ತು ಅಂದ. ಧಣಿ ಬದುಕಿದ್ದರೆ ಅಲ್ಲ ಅನ್ನುತ್ತಾನೆ, ಸತ್ತವನು ಏನೂ ಅನ್ನುವುದಿಲ್ಲ ಅಂದ. ಆಮೇಲೆ ಮೆಲ್ಲಗೆ—ನಿಮ್ಮ ಕೈಯೂ ನನ್ನ ಕೈಯ ಹಾಗೆ ಆಗಿಬಿಟ್ಟಿದ್ದರೆ, ಮುಂದೆ ಗೊತ್ತಾದರೂ ನನ್ನನ್ನು ಬಿಟ್ಟು ಹೋಗುತ್ತಿರಲಿಲ್ಲ ಅಲ್ಲವಾ ಅಂದ.

ಉಂಡ ಮನೆಗೆ ಎರಡು ಬಗೆದವನು, ತಂಗಿ ತಮ್ಮನನ್ನು ಕೊಲೆಗಾರರನ್ನಾಗಿ ಮಾಡಿ ಅದಕ್ಕೆ ಪ್ರೀತಿ ಅಂತ ಹೆಸರಿಡುತ್ತಾನೆ. ಅಮ್ಮನೂ ಹಾಗೇ ಮಾಡಿದ್ದು. ಅವಳ ಮಗನೇ ಸರಿ. ಹೆತ್ತಿದ್ದರೂ ಇಷ್ಟು ಹೋಲುತ್ತಿರಲಿಲ್ಲ.

ನೀನೇ ಹೋಗಿ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಅಂದೆ. ಸೋಮವಾರ ಹೋಗುತ್ತೇನೆ, ಭಾನುವಾರ ಒಂದು ದಿನ ಮನೆಯಲ್ಲಿರುತ್ತೇನೆ ಅಂದ. ಒಪ್ಪಿದೆ. ಯಾಕೆ ಒಪ್ಪಿದೆನೋ. ಸೈಕಲ್ ಕಲಿಸಿದವನು, ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿದವನು.

ಹಿಂದಿನ ಬಾಗಿಲಲ್ಲಿ ಗುಮ್ಮ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ಮಾರ್ಚ್ 15, ಶನಿವಾರ

ಏನೂ ಇಲ್ಲ. ಮೂವರೂ ಒಂದೇ ಮೇಜಿನಲ್ಲಿ ಉಂಡೆವು. ಉಪ್ಪು ಕೊಡು, ನೀರು ಕೊಡು. ಅಷ್ಟೇ.

ಗುಮ್ಮನ ಜೊತೆ ಮಾತಾಡಲು ಹೋದೆ. ಸೋಮವಾರ ಎಲ್ಲ ಮುಗಿಯುತ್ತದೆ ಅಂದೆ. ಅಮ್ಮ ಎಷ್ಟು ಸಲ ಕರೆದಿರಬಹುದು ಅಕ್ಕ ಅಂದ.

ಮಾರ್ಚ್ 16, ಭಾನುವಾರ, ಮಧ್ಯಾಹ್ನ

ಅಂಗಡಿ ರಜೆ. ಬಿಸಿಲು. ಅಣ್ಣನ ನಾಳೆಯ ಅಂಗಿಗೆ ಇಸ್ತ್ರಿ ಹಾಕಿದೆ, ಸ್ಟೇಷನ್ನಿಗೆ ಮುದುರಿದ ಅಂಗಿಯಲ್ಲಿ ಹೋಗಬಾರದು. ನನ್ನ ತಲೆಯೂ ಸರಿಯಿಲ್ಲ.

ಊಟ ಆದ ಮೇಲೆ ಗುಮ್ಮ ತಾನಾಗಿ ಅಣ್ಣನನ್ನು ಮಾತಾಡಿಸಿದ. ಒಣಗಿಸುವ ಕೋಣೆಯ ಪೈಪು ಸೋರುತ್ತಿದೆ, ನೀನು ಹೋಗುವ ಮುಂಚೆ ಒಂದು ಸಲ ನೋಡಿಕೊಡು ಅಂದ. ಅಷ್ಟು ಉದ್ದದ ಮಾತು ಅವನಿಂದ ನಾನು ಕೇಳಿಯೇ ಇಲ್ಲ. ಅಣ್ಣ ಅವನ ಮುಖ ನೋಡಿದ. ತುಂಬ ಹೊತ್ತು ನೋಡಿದ. ಯಾವ ರಿಪೇರಿಗೂ ಕರೆದ ಕೂಡಲೇ ಎದ್ದವನಲ್ಲ, ಇಂದು ಎದ್ದ. ಒಳ್ಳೆಯದೇ ಆಯಿತು ಅಂದುಕೊಂಡೆ. ಇಬ್ಬರೂ ಮಾತಾಡಿಕೊಳ್ಳಲಿ.

ತೊಟ್ಟಿಯ ಅಂಚಿನಲ್ಲಿ ಅಣ್ಣನ ಅಂಗಿ ಬಿದ್ದಿದೆ. ಈಗಷ್ಟೇ ಬಿಚ್ಚಿಟ್ಟದ್ದು. ನೀರಿಗೆ ಹಾಕೋಣವೆಂದು ಜೇಬು ನೋಡಿದೆ. ಆಗಲೇ ಹೊರಗೆಳೆದಿಟ್ಟಿದ್ದಾನೆ, ನೀಟಾಗಿ, ಅಮ್ಮ ಕಲಿಸಿದ ಹಾಗೆ. ಪಕ್ಕದಲ್ಲಿ ಸಣ್ಣ ಕುಲಾವಿ, ಮಡಿಸಿ ಇಟ್ಟಿದೆ. ನೆನೆದರೆ ಕೆಡುತ್ತದೆ ಅಂತ ಒಣ ಜಾಗದಲ್ಲಿ.

ಭಾನುವಾರ ಬಾಯ್ಲರ್ ಯಾರು ಹೊತ್ತಿಸಿದರು? ಗೋಡೆಯ ಪೈಪು ಬೆಚ್ಚಗಿದೆ.

ಕೆಳಗೆ, ಒಣಗಿಸುವ ಕೋಣೆಯ ಕಡೆ, ಚಿಲಕದ ಸದ್ದು.

ಅಣ್ಣ ತಟ್ಟುತ್ತಿದ್ದಾನೆ. ಮೂರು ಸಲ. ಮತ್ತೆ ಮೂರು ಸಲ. ಗುಮ್ಮ ತೆಗೆಯುತ್ತಿಲ್ಲ. ನಾನು ಯಾಕೆ ಇನ್ನೂ ಕೂತು ಬರೆಯುತ್ತಿ—